ಆನೆ ಅಲ್ಲಿಗೆ ಹೋಗೇ ಇಲ್ಲ: ಕಾಲರ್ ಕಳ್ಸೋ ಲೊಕೇಶನ್‌ನಲ್ಲಿ ತಪ್ಪು ಹೇಗೆ ಬರುತ್ತೆ, ಅದನ್ನ ಹೇಗೆ ಹಿಡೀತಾರೆ

ಸಕಲೇಶಪುರ, ಆಲೂರು, ಬೇಲೂರು ಕಡೆಯವರ ಫೋನಲ್ಲಿ ಬೆಳಿಗ್ಗೆ ಗುಡ್ ಮಾರ್ನಿಂಗ್ ಹೂವಿನ ಫೋಟೋಗಿಂತ ಮುಂಚೆ ಬರೋದು ಆನೆ ಮೆಸೇಜು. ಇಂಥಾ ಎಸ್ಟೇಟ್ ಹಿಂದೆ ಒಂಟಿ ಸಲಗ ಇದೆ, ಇಂಥಾ ರಸ್ತೇಲಿ ಓಡಾಡೋರು ಹುಷಾರು ಅಂತ. ನಮ್ಮ ದೊಡ್ಡಮ್ಮ ಕೆಲಸದವರನ್ನ ಕಾಫಿ ಕುಯ್ಲಿಗೆ ಕಳ್ಸೋ ಮುಂಚೆ ಅದನ್ನೊಮ್ಮೆ ನೋಡೇ ನೋಡ್ತಾರೆ. ಹೋದ ಸಲ ಊರಿಗೆ ಹೋದಾಗ ಫೋನ್ ನನ್ನ ಮುಖಕ್ಕೆ ಹಿಡಿದು "ನೋಡೋ, ಇದ್ರಲ್ಲಿ ಆನೆ ಹೊಳೆ ಆಚೆ ಇದೆ ಅಂತ ಹಾಕವ್ರೆ, ಲದ್ದಿ ನೋಡಿದ್ರೆ ನಮ್ಮ ಕಣದ ಹಿಂದೆ ಬಿದ್ದದೆ, ಇನ್ನೂ ಬಿಸಿ ಆರಿಲ್ಲ. ಕಂಪ್ಯೂಟರ್ ಓದಿರೋನು ನೀನೇ ಹೇಳು, ಯಾವ್ದನ್ನ ನಂಬೋದು" ಅಂದ್ರು. ಲದ್ದಿನ ನಂಬಿ ದೊಡ್ಡಮ್ಮ ಅಂದೆ. ಆದ್ರೆ ಆ ಮೆಸೇಜ್ ಯಾಕೆ ಹಾಗೆ ಬಂತು ಅನ್ನೋದನ್ನ ಅವ್ರಿಗೆ ಬಿಡಿಸಿ ಹೇಳೋಕೆ ಅರ್ಧ ದಿನ ಹಿಡೀತು, ಆ ಅರ್ಧ ದಿನದ ಮಾತನ್ನೇ ಇಲ್ಲಿ ಬರೀತಿದೀನಿ.

ಇದು ಬರೀ ನಮ್ಮ ದೊಡ್ಡಮ್ಮನ ಸಮಸ್ಯೆ ಅಲ್ಲ. 2023ರ ಗಣತಿ ಪ್ರಕಾರ ಕರ್ನಾಟಕದಲ್ಲಿ 6,395 ಆನೆ ಇವೆ, ದೇಶದಲ್ಲೇ ಆನೆ ಜಾಸ್ತಿ ಇರೋ ರಾಜ್ಯ ನಮ್ದು. ಈ ಮೆಸೇಜಿನ ಹಿಂದಿರೋದು ಆನೆ ಕತ್ತಿಗೆ ಕಟ್ಟೋ, ಅದು ಎಲ್ಲಿದೆ ಅಂತ ತಿಳಿಸೋ ಕಾಲರ್. ಮೊದಲೆಲ್ಲ ಅದನ್ನ ಹೊರದೇಶದಿಂದ ತರಿಸ್ತಿದ್ರು, 2025ರಲ್ಲಿ ಅರಣ್ಯ ಇಲಾಖೆ ಇಲ್ಲೇ ತಯಾರಾದ ಕಾಲರ್ ಬಳಕೆಗೆ ತಂತು. ಅಂದ್ರೆ ಇನ್ಮುಂದೆ ಮ್ಯಾಪ್ ಮೇಲೆ ಚುಕ್ಕೆಗಳು ಜಾಸ್ತಿ ಆಗೋದೇ, ಆ ಚುಕ್ಕೆ ನೋಡ್ಕೊಂಡು ತೋಟಕ್ಕೆ ಹೋಗಬೇಕಾ ಬೇಡ್ವಾ ಅಂತ ನಿರ್ಧಾರ ಮಾಡೋರೂ ಜಾಸ್ತಿ ಆಗ್ತಾರೆ.

ಕಾಲರ್ ಒಳಗೆ ಏನಿರುತ್ತೆ

ರೇಡಿಯೋ ಕಾಲರ್ ಅಂತ ಎಲ್ಲಾದಕ್ಕೂ ಒಂದೇ ಹೆಸರು ಹೇಳ್ತೀವಿ, ಆದ್ರೆ ಅದ್ರಲ್ಲಿ ಎರಡು ಜಾತಿ. ಹಳೇದು ಬರೀ ಒಂದು ರೇಡಿಯೋ ಬಡಿತ, ಟಿಕ್ ಟಿಕ್ ಅಂತ ಸದ್ದು ಬಿಡ್ತಾ ಇರುತ್ತೆ. ಮೀನಿನ ಮುಳ್ಳಿನ ಥರ ಇರೋ ಆಂಟೆನಾ ಕೈಲಿ ಹಿಡ್ಕೊಂಡು ಸದ್ದು ಯಾವ ಕಡೆಯಿಂದ ಜೋರಾಗಿ ಬರ್ತಿದೆ ಅಂತ ನೋಡಿ ಮ್ಯಾಪ್ ಮೇಲೆ ಗೆರೆ ಎಳೀಬೇಕು, ಬೇರೆ ಜಾಗಕ್ಕೆ ಹೋಗಿ ಇನ್ನೊಂದು ಗೆರೆ, ಎರಡೂ ಕೂಡೋ ಕಡೆ ಪ್ರಾಣಿ. ಉಲ್ಲಾಸ ಕಾರಂತರು 1990ರಲ್ಲಿ ನಾಗರಹೊಳೆಯ ಹುಲಿಗಳಿಗೆ ಹಾಕಿದ್ದು ಈ ಥರದ ಕಾಲರ್. ಇದ್ರಲ್ಲಿ ಮನುಷ್ಯನ ಕೈ 5 ಡಿಗ್ರಿ ಅತ್ತಿತ್ತ ಆದ್ರೂ ಸಾಕು, ಪ್ರಾಣಿ ಒಂದು ಕಿಲೋಮೀಟರ್ ದೂರ ಇದ್ರೆ ಸುಮಾರು 87 ಮೀಟರ್ ತಪ್ಪು, ಮೂರು ಕಿಲೋಮೀಟರ್ ಇದ್ರೆ 260 ಮೀಟರ್. ಜೊತೆಗೆ ಸಿಗ್ನಲ್ ಗುಡ್ಡಕ್ಕೆ ಬಡಿದು ವಾಪಸ್ ಬಂದ್ರೆ ಪೂರ್ವಕ್ಕಿರೋ ಪ್ರಾಣಿ ಪಶ್ಚಿಮಕ್ಕಿದೆ ಅನ್ಸುತ್ತೆ.

ಎರಡನೇದು ಜಿಪಿಎಸ್ ಕಾಲರ್. ಇದ್ರಲ್ಲಿ ಪ್ರಾಣಿ ಎಲ್ಲಿದೆ ಅಂತ ಕಾಲರೇ ಲೆಕ್ಕ ಹಾಕ್ಕೊಳ್ಳುತ್ತೆ, ಆಮೇಲೆ ಆ ಲೆಕ್ಕವನ್ನ ಮೊಬೈಲ್ ನೆಟ್‌ವರ್ಕ್ ಮೂಲಕವೋ ಉಪಗ್ರಹದ ಮೂಲಕವೋ ಕಳ್ಸುತ್ತೆ. ಇಲ್ಲಿ ಎರಡು ಬೇರೆ ಬೇರೆ ಕೆಲಸ ಇದೆ ಅನ್ನೋದನ್ನ ನೆನಪಿಟ್ಕೊಳ್ಳಿ: ಜಾಗ ಕಂಡುಹಿಡಿಯೋದು ಒಂದು, ಅದನ್ನ ನಮಗೆ ತಲುಪಿಸೋದು ಇನ್ನೊಂದು. ರಾತ್ರಿ 8 ಗಂಟೆಗೆ ಸರಿಯಾಗೇ ಲೆಕ್ಕ ಹಾಕಿದ್ದನ್ನ ನೆಟ್‌ವರ್ಕ್ ಸಿಗದೇ ಬೆಳಗಿನ ಜಾವ 5ಕ್ಕೆ ಕಳ್ಸಿರಬಹುದು. ರಷ್ಯಾದ ಸಂಶೋಧಕರು ಹದ್ದುಗಳಿಗೆ ಟ್ಯಾಗ್ ಹಾಕಿದ್ರು, ಅವು ಎಸ್ಸೆಮ್ಮೆಸ್ ಮೂಲಕ ಲೊಕೇಶನ್ ಕಳ್ಸೋ ಥರದ್ದು. 2019ರಲ್ಲಿ ಮಿನ್ ಅನ್ನೋ ಒಂದು ಹದ್ದು ಕಜಾಕಿಸ್ತಾನದಲ್ಲಿ ನೆಟ್‌ವರ್ಕ್ ಇಲ್ಲದ ಕಡೆನೇ ಇದ್ದು ಸೀದಾ ಇರಾನ್‌ಗೆ ಹಾರ್ತು, ಅಲ್ಲಿ ಟವರ್ ಸಿಕ್ಕಿದ್ದೇ ತಡ ಅಲ್ಲೀವರೆಗೂ ಕೂಡಿಟ್ಟಿದ್ದ ಮೆಸೇಜನ್ನೆಲ್ಲ ಒಟ್ಟಿಗೆ ಕಳ್ಸಿ ರೋಮಿಂಗ್ ಬಿಲ್ಲಲ್ಲೇ ಸಂಶೋಧಕರ ದುಡ್ಡು ಖಾಲಿ ಮಾಡ್ತು. ಆ ಮೆಸೇಜುಗಳಲ್ಲಿದ್ದ ಜಾಗ ಎಲ್ಲಾ ಸರಿ, ಬಂದಿದ್ದು ಮಾತ್ರ ಲೇಟು.

ಮಿಂಚು, ಗುಡುಗು, ಉಪಗ್ರಹ

ಮಿಂಚು ಕಂಡ ತಕ್ಷಣ ಒಂದು, ಎರಡು, ಮೂರು ಅಂತ ಎಣಿಸ್ತಾ ಗುಡುಗು ಕೇಳಿದಾಗ ನಿಲ್ಲಿಸಿ, ಸಿಡಿಲು ಎಷ್ಟು ದೂರ ಬಿತ್ತು ಅಂತ ಅಂದಾಜು ಮಾಡೋ ಆಟ ಚಿಕ್ಕೋರಿದ್ದಾಗ ಎಲ್ರೂ ಆಡಿರ್ತೀವಿ. ಜಿಪಿಎಸ್ ಮಾಡೋದೂ ಅದನ್ನೇ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತೋ ಉಪಗ್ರಹಗಳು "ನಾನು ಇಲ್ಲಿದೀನಿ, ಈಗ ಟೈಮ್ ಇಷ್ಟು" ಅಂತ ಕೂಗ್ತಾ ಇರ್ತವೆ, ಆ ಕೂಗು ಬರೋಕೆ ಎಷ್ಟು ಹೊತ್ತಾಯ್ತು ಅಂತ ನೋಡಿ ಕಾಲರ್ ದೂರ ಲೆಕ್ಕ ಹಾಕುತ್ತೆ. ಆದ್ರೆ ಇಲ್ಲಿ ಕೂಗು ಶಬ್ದದ ವೇಗದಲ್ಲಿ ಬರಲ್ಲ, ಬೆಳಕಿನ ವೇಗದಲ್ಲಿ ಬರುತ್ತೆ, ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಹಾಗಾಗಿ ಗಡಿಯಾರದಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ಹೆಚ್ಚುಕಮ್ಮಿ ಆದ್ರೂ ದೂರದಲ್ಲಿ 300 ಮೀಟರ್ ತಪ್ಪು ಬರುತ್ತೆ.

ಮೂರು ಉಪಗ್ರಹದ ದೂರ ಗೊತ್ತಿದ್ರೆ ಜಾಗ ಸಿಗಬೇಕು, ಆದ್ರೆ ಕಾಲರ್ ಒಳಗಿರೋ ಅಗ್ಗದ ಗಡಿಯಾರ ಅಷ್ಟು ಕರಾರುವಾಕ್ಕಲ್ಲ, ಅದರ ತಪ್ಪನ್ನೂ ಲೆಕ್ಕದಲ್ಲಿ ಬಿಡಿಸ್ಕೊಳ್ಳೋಕೆ ನಾಲ್ಕನೇದು ಬೇಕು. ಮೂರೇ ಸಿಕ್ಕಿದ್ರೆ ಕೆಲವು ಕಾಲರ್‌ಗಳು ಹೋದ ಸಲ ಎಷ್ಟು ಎತ್ತರದಲ್ಲಿದ್ವೋ ಈಗಲೂ ಅಷ್ಟೇ ಎತ್ತರದಲ್ಲಿದೀವಿ ಅಂತ ಅನ್ಕೊಂಡು ಲೆಕ್ಕ ಮುಗಿಸಿಬಿಡ್ತವೆ. ಬಯಲುಸೀಮೇಲಿ ಇದು ನಡೆಯುತ್ತೆ. ಘಟ್ಟದ ಅಂಚಲ್ಲಿ ಆನೆ ನೂರಾರು ಮೀಟರ್ ಕೆಳಗಿಳಿದಿದ್ರೆ ಆ ಎತ್ತರದ ತಪ್ಪು ಅಡ್ಡಡ್ಡ ತಪ್ಪಾಗಿ ತಿರುಗಿ, ಚುಕ್ಕೆ ಪಕ್ಕದ ಗುಡ್ಡಕ್ಕೆ ಹೋಗಿ ಕೂರುತ್ತೆ.

ಕಾಡೊಳಗೆ ಏನಾಗುತ್ತೆ

ಬಾವಿಗೆ ಬಗ್ಗಿ ಕೂಗಿದ್ರೆ ನಿಮ್ಮ ದನಿ ಗೋಡೆಗೆ ಬಡಿದು ಬಡಿದು ವಾಪಸ್ ಬರುತ್ತಲ್ಲ, ಉಪಗ್ರಹದ ಸಿಗ್ನಲ್ಲೂ ಬಂಡೆಗೆ, ಒದ್ದೆ ಎಲೆಗೆ, ದೊಡ್ಡ ಮರದ ಬೊಡ್ಡೆಗೆ ಬಡಿದು ಸುತ್ತುಬಳಸಿ ಕಾಲರ್‌ಗೆ ಬರುತ್ತೆ. ಸುತ್ತಿ ಬಂದಿದ್ದು ತಡವಾಗಿ ಬಂತು, ತಡವಾಗಿ ಬಂದ್ರೆ ದೂರ ಜಾಸ್ತಿ ಅಂತ ಕಾಲರ್ ತಿಳ್ಕೊಳ್ಳುತ್ತೆ. ಇದೊಂದು.

ಇನ್ನೊಂದು, ಉಪಗ್ರಹಗಳು ಆಕಾಶದಲ್ಲಿ ಹರಡ್ಕೊಂಡಿರಬೇಕು. ತೇರು ಎಲ್ಲಿದೆ ಅಂತ ಫೋನಲ್ಲಿ ನಾಲ್ಕು ಜನರನ್ನ ಕೇಳ್ತೀರ ಅನ್ಕೊಳ್ಳಿ, ನಾಲ್ವರೂ ಒಂದೇ ಅಂಗಡಿ ಮುಂದೆ ನಿಂತಿದ್ರೆ ಹೆಚ್ಚೇನೂ ಗೊತ್ತಾಗಲ್ಲ, ರಥಬೀದಿಯ ನಾಲ್ಕು ಮೂಲೆಗೂ ಒಬ್ಬೊಬ್ಬರಿದ್ರೆ ಕರಾರುವಾಕ್ಕಾಗಿ ಗೊತ್ತಾಗುತ್ತೆ. ಕಣಿವೆಲಿ ನಿಂತ ಆನೆಗೆ ನೆತ್ತಿ ಮೇಲಿನ ಆಕಾಶದ ತುಂಡು ಮಾತ್ರ ಕಾಣೋದು, ಅಲ್ಲಿ ಸಿಗೋ ನಾಲ್ಕೂ ಉಪಗ್ರಹ ಒತ್ತೊತ್ತಾಗಿ ಇರ್ತವೆ. ಈ ಹರಡುವಿಕೆ ಎಷ್ಟು ಚೆನ್ನಾಗಿದೆ ಅನ್ನೋದಕ್ಕೆ ಡಿಒಪಿ ಅಂತ ಒಂದು ಅಂಕಿ ಪ್ರತಿ ಚುಕ್ಕೆ ಜೊತೆ ಬರುತ್ತೆ, 1-2 ಇದ್ರೆ ಚೆನ್ನಾಗಿದೆ, 10 ದಾಟಿದ್ರೆ ಅನುಮಾನದಿಂದ ನೋಡಿ. ಆದ್ರೆ ಇದೊಂದನ್ನೇ ನಂಬಿ ಕೂತ್ಕೊಳ್ಳೋಕೂ ಆಗಲ್ಲ, ಯಾಕಂದ್ರೆ ಡಿಒಪಿಗೆ ಉಪಗ್ರಹ ಎಲ್ಲೆಲ್ಲಿದ್ವು ಅಂತ ಗೊತ್ತೇ ಹೊರತು ಸಿಗ್ನಲ್ ಬಂಡೆಗೆ ಬಡಿದು ಬಂತಾ ನೇರ ಬಂತಾ ಅನ್ನೋದು ಗೊತ್ತಿಲ್ಲ. ಅಂಕಿ ಒಳ್ಳೇದಿದ್ದು ಚುಕ್ಕೆ ಕೆಟ್ಟಿರಬಹುದು, ಉಲ್ಟಾನೂ ಆಗಬಹುದು.

ಮೂರನೇದು ಬ್ಯಾಟರಿ. ನಮ್ಮ ಫೋನನ್ನ ದಿನಾ ಚಾರ್ಜಿಗೆ ಹಾಕ್ತೀವಿ, ಆನೆ ಕಾಲರ್ ಬ್ಯಾಟರಿ ಬದಲಾಯಿಸಬೇಕು ಅಂದ್ರೆ ಮತ್ತೆ ಅರಿವಳಿಕೆ, ಮತ್ತೆ ಸಾಕಾನೆಗಳು, ಡಾಕ್ಟರು, ಇಡೀ ಕಾರ್ಯಾಚರಣೆ. ಅದಕ್ಕೆ ಕಾಲರ್ ಹೆಚ್ಚು ಹೊತ್ತು ನಿದ್ದೆ ಮಾಡುತ್ತೆ, ಗಂಟೆಗೊಂದ್ಸಲ ಎದ್ದು ಆಕಾಶ ನೋಡಿ ಲೆಕ್ಕ ಹಾಕಿ ಮತ್ತೆ ಮಲಗುತ್ತೆ. ಉಪಗ್ರಹ ತಾನು ಎಲ್ಲಿದೀನಿ ಅನ್ನೋ ವಿವರವನ್ನ ಪೂರ್ತಿ ಹೇಳಿ ಮುಗಿಸೋಕೆ 30 ಸೆಕೆಂಡ್ ತಗೊಳ್ಳುತ್ತೆ, ಮಧ್ಯದಲ್ಲಿ ಕೊಂಬೆ ಅಡ್ಡ ಬಂದು ಮಾತು ಕಟ್ಟಾದ್ರೆ ಮತ್ತೆ ಮೊದಲಿಂದ ಕೇಳಿಸ್ಕೋಬೇಕು. ಕೊಟ್ಟ ಟೈಮ್ ಒಳಗೆ ಆಗ್ಲಿಲ್ಲ ಅಂದ್ರೆ ಕಾಲರ್ ಸುಮ್ನೆ ಮಲಗಿಬಿಡುತ್ತೆ, ಆ ಗಂಟೆ ಖಾಲಿ.

ಎಲ್ಲಾ ಪ್ರಾಣಿಗೂ ಜಿಪಿಎಸ್ ಕಟ್ಟೋಕೂ ಆಗಲ್ಲ. 2013ರಿಂದ ಈಚೆಗೆ ಈಶಾನ್ಯ ಭಾರತದಲ್ಲಿ ಅಮುರ್ ಫಾಲ್ಕನ್ ಹಕ್ಕಿಗಳ ಬೆನ್ನಿಗೆ ಟ್ಯಾಗ್ ಕಟ್ಟಿದ್ರಲ್ಲ, ಅಂಥಾ ಪುಟ್ಟ ಹಕ್ಕಿಗೆ, ಮತ್ತೆ ಕಡಲಾಮೆಗಳಿಗೆ ಬಳಸೋದು ಹೆಚ್ಚಾಗಿ ಆರ್ಗೋಸ್ ಅನ್ನೋ ವ್ಯವಸ್ಥೆ. ದೂರದಿಂದ ಬರೋ ರೈಲಿನ ಹಾರ್ನ್ ಹತ್ರ ಬರ್ತಾ ಒಂದು ಥರ, ದಾಟಿ ಹೋಗ್ತಾ ಇನ್ನೊಂದು ಥರ ಕೇಳುತ್ತಲ್ಲ, ಅದೇ ತತ್ವದ ಮೇಲೆ ಉಪಗ್ರಹ ಟ್ಯಾಗ್ ಎಲ್ಲಿದೆ ಅಂತ ಅಂದಾಜು ಮಾಡುತ್ತೆ. ಇದ್ರಲ್ಲಿ ಅತ್ಯುತ್ತಮ ದರ್ಜೆಯ ಚುಕ್ಕೆಗೇ 250 ಮೀಟರ್‌ವರೆಗೆ ತಪ್ಪು ಇರಬಹುದು, ಕೆಳದರ್ಜೆಯವು ಒಂದೂವರೆ ಕಿಲೋಮೀಟರ್‌ಗೂ ಮೇಲೆ ಹೋಗ್ತವೆ. ಸಮುದ್ರ ದಾಟೋ ಹಕ್ಕಿಗೆ ಅದು ಸಾಕು, ತೋಟದ ಬೇಲಿ ಪಕ್ಕ ನಿಂತಿರೋ ಆನೆಗೆ ಸಾಕಾಗಲ್ಲ.

ಆರ್ಕ್ಟಿಕ್ ಸಮುದ್ರದಲ್ಲಿ ಹಾಸನದ ಆನೆ

ಇಲ್ಲೀವರೆಗೂ ಯಂತ್ರದ ಕಷ್ಟ ಹೇಳಿದ್ದಾಯ್ತು. ಆದ್ರೆ ಫೈಲ್‌ಗಳಲ್ಲಿ ಇರೋ ದೊಡ್ಡ ದೊಡ್ಡ ತಪ್ಪುಗಳು ಎಷ್ಟೋ ಸಲ ಕಾಡಲ್ಲಿ ಹುಟ್ಟಿದ್ದಲ್ಲ, ಎಕ್ಸೆಲ್ ಶೀಟಲ್ಲಿ ಹುಟ್ಟಿದ್ದು. ನಾನು ದಿನಾ ಡೇಟಾ ಜೊತೆನೇ ಕೆಲಸ ಮಾಡೋನಾದ್ರಿಂದ ಈ ಭಾಗ ಬರೀವಾಗ ಸ್ವಲ್ಪ ನಾಚಿಕೆನೂ ಆಗ್ತಿದೆ.

ಹಾಸನ ಇರೋದು ಅಕ್ಷಾಂಶ ಸುಮಾರು 13, ರೇಖಾಂಶ ಸುಮಾರು 76. ಎರಡು ಕಾಲಂ ಅದಲುಬದಲು ಆದ್ರೆ ಆನೆ ಉತ್ತರಕ್ಕೆ 76 ಡಿಗ್ರಿಗೆ ಹೋಗಿ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಹತ್ರ ಆರ್ಕ್ಟಿಕ್ ಸಮುದ್ರದಲ್ಲಿ ತೇಲುತ್ತೆ. ಇದು ಸುಲಭಕ್ಕೆ ಸಿಕ್ಕಿಬೀಳುತ್ತೆ, ಮ್ಯಾಪ್ ನೋಡಿದ್ರೆ ನಗು ಬರುತ್ತೆ. ಹಾಗೇ ಲೊಕೇಶನ್ ಸಿಗದಿದ್ದಾಗ ಖಾಲಿ ಬಿಡೋ ಬದಲು ಸೊನ್ನೆ, ಸೊನ್ನೆ ಅಂತ ಬರೆಯೋ ಯಂತ್ರಗಳಿವೆ, ಆ ಜಾಗ ಆಫ್ರಿಕಾದ ಪಶ್ಚಿಮಕ್ಕೆ ಗಿನಿ ಕೊಲ್ಲಿಯ ನೀರಲ್ಲಿದೆ. ಜಗತ್ತಿನ ಎಷ್ಟೋ ಪ್ರಾಣಿ ಹಕ್ಕಿಗಳು, ಡೆಲಿವರಿ ವ್ಯಾನುಗಳು ಎಲ್ಲಾ ದಾಖಲೆಯಲ್ಲಿ ಅಲ್ಲಿಗೆ ಹೋಗಿ ಬಂದಿವೆ.

ಸಿಕ್ಕಿಬೀಳದೇ ಇರೋದು ಸಣ್ಣ ತಪ್ಪು. 12 ಡಿಗ್ರಿ 45 ನಿಮಿಷ ಅನ್ನೋದನ್ನ 12.45 ಅಂತ ಟೈಪ್ ಮಾಡ್ತಾರೆ, ಆದ್ರೆ ಡಿಗ್ರಿಗೆ 60 ನಿಮಿಷ ಇರೋದ್ರಿಂದ ಅದು 12.75 ಆಗಬೇಕು. ಒಂದು ಡಿಗ್ರಿ ಅಂದ್ರೆ ಸುಮಾರು 111 ಕಿಲೋಮೀಟರ್, ಹಾಗಾಗಿ 0.30 ತಪ್ಪಿದ್ರೆ 33 ಕಿಲೋಮೀಟರ್ ದಕ್ಷಿಣಕ್ಕೆ ಹೋಯ್ತು. ಅಲ್ಲೂ ಕಾಡೇ ಇದ್ರೆ ಯಾರಿಗೂ ಅನುಮಾನ ಬರಲ್ಲ.

ಇನ್ನು ಟೈಮ್. ಕಾಲರ್‌ಗಳು ಸಾಮಾನ್ಯವಾಗಿ ಗ್ರೀನಿಚ್ ಲೆಕ್ಕದ ಸಮಯ ಬರೀತವೆ, ನಮ್ದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ರಾತ್ರಿ ಎಂಟೂವರೆಗೆ ಭತ್ತದ ಗದ್ದೆಗೆ ಇಳಿದ ಆನೆ ಫೈಲಲ್ಲಿ ಮಧ್ಯಾಹ್ನ 3 ಗಂಟೆಗೆ ಇಳಿದ ಹಾಗೆ ಕಾಣುತ್ತೆ. ಯಾರೂ ಬದಲಾಯಿಸದೇ ಹಾಗೇ ಗ್ರಾಫ್ ಹಾಕಿದ್ರೆ ಹಾಸನದ ಆನೆಗಳು ಹಗಲಲ್ಲೇ ಗದ್ದೆಗೆ ಬರ್ತವೆ ಅಂತ ವರದಿ ತಯಾರಾಗುತ್ತೆ. ಕೆಲವೊಮ್ಮೆ ಒಬ್ಬರು ಬದಲಾಯಿಸಿರ್ತಾರೆ, ಗೊತ್ತಿಲ್ಲದೇ ಇನ್ನೊಬ್ಬರು ಮತ್ತೊಮ್ಮೆ ಐದೂವರೆ ಗಂಟೆ ಕೂಡಿಸಿರ್ತಾರೆ. 03/04 ಅನ್ನೋದು ಏಪ್ರಿಲ್ ಮೂರಾ ಮಾರ್ಚ್ ನಾಲ್ಕಾ ಅನ್ನೋದು ಹಳೇ ಜಗಳ. ಜಿಪಿಎಸ್ ವ್ಯವಸ್ಥೆಯಲ್ಲೇ ಒಂದು ವಿಚಿತ್ರ ಇದೆ, ಅದು ವಾರಗಳನ್ನ ಸೊನ್ನೆಯಿಂದ 1023ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತೆ, ಸ್ಕೂಟರ್ ಮೀಟರ್ 99999 ಆದ್ಮೇಲೆ ಸೊನ್ನೆಗೆ ತಿರುಗೋ ಹಾಗೆ. 2019ರ ಏಪ್ರಿಲ್ 6ರ ರಾತ್ರಿ ಹಾಗೆ ತಿರುಗ್ತು, ತಯಾರಿಲ್ಲದ ಹಳೇ ಯಂತ್ರಗಳು ಸುಮಾರು 20 ವರ್ಷ ಹಿಂದಿನ ತಾರೀಖು ತೋರಿಸೋಕೆ ಶುರು ಮಾಡಿದ್ವು.

ನಾಲ್ಕು ಸಾಲು ಹತ್ರದಿಂದ ನೋಡೋಣ

ಒಂದು ಕಾಲ್ಪನಿಕ ಆನೆ ತಗೊಳ್ಳಿ, ಗಂಟೆಗೊಂದು ಚುಕ್ಕೆ ಕಳ್ಸುತ್ತೆ. ಒಂದು ರಾತ್ರಿ ಬಂದಿದ್ದು ಹೀಗೆ:

ರಾತ್ರಿ 9: 12.9410, 75.7850
ರಾತ್ರಿ 10: 12.9432, 75.7871
ರಾತ್ರಿ 11: 13.0230, 75.7880
ರಾತ್ರಿ 12: 12.9445, 75.7890

9ರಿಂದ 10ರ ಒಳಗೆ ಆನೆ ಸುಮಾರು 330 ಮೀಟರ್ ಹೋಗಿದೆ, ಮೇಯ್ತಾ ಹೋಗೋ ಆನೆಗೆ ಅದು ಸಹಜ. 10ರಿಂದ 11ಕ್ಕೆ ಉತ್ತರಕ್ಕೆ 8.9 ಕಿಲೋಮೀಟರ್. 11ರಿಂದ 12ಕ್ಕೆ 8.7 ಕಿಲೋಮೀಟರ್ ವಾಪಸ್. ಈಗ 11 ಗಂಟೆ ಸಾಲನ್ನ ಬೆರಳಿಂದ ಮುಚ್ಚಿ ನೋಡಿ, 10 ಮತ್ತೆ 12ರ ಮಧ್ಯೆ ಇರೋದು ಬರೀ 250 ಮೀಟರ್.

ಎಲ್ರಿಗೂ ಮೊದಲು ಹೊಳೆಯೋ ಉಪಾಯ ವೇಗಕ್ಕೆ ಮಿತಿ ಹಾಕೋದು, ಆನೆ ಓಡೋಕಾಗದಷ್ಟು ವೇಗ ಬಂದ್ರೆ ಆ ಚುಕ್ಕೆ ತಪ್ಪು ಅಂತ. ಆನೆ ಎಷ್ಟು ಜೋರಾಗಿ ಓಡುತ್ತೆ? 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಥಾಯ್ಲೆಂಡಿನ ಆನೆಗಳನ್ನ ಓಡಿಸಿ ಅಳೆದಾಗ ಗಂಟೆಗೆ ಸುಮಾರು 25 ಕಿಲೋಮೀಟರ್ ಬಂತು. ಸರಿ, 25 ಅಂತ ಮಿತಿ ಹಾಕಿದ್ರೆ ನಮ್ಮ 8.9 ಆರಾಮಾಗಿ ಪಾಸಾಗಿಬಿಡುತ್ತೆ! ಆ 25 ಸ್ವಲ್ಪ ದೂರ ದೌಡಾಯಿಸೋವಾಗಿನ ವೇಗ, ಅದೇ ವೇಗದಲ್ಲಿ ಗಂಟೆಗಟ್ಟಲೆ ಯಾವ ಆನೆನೂ ಓಡಲ್ಲ. ಅಂದ್ರೆ ಮಿತಿ ಎಷ್ಟಿರಬೇಕು ಅನ್ನೋದು ಚುಕ್ಕೆಗಳ ಮಧ್ಯೆ ಎಷ್ಟು ಹೊತ್ತಿದೆ ಅನ್ನೋದ್ರ ಮೇಲೆ ಹೋಗುತ್ತೆ, ಐದು ನಿಮಿಷಕ್ಕೆ ಒಂದು ಮಿತಿ, ಗಂಟೆಗೆ ಇನ್ನೊಂದು, ನಾಲ್ಕು ಗಂಟೆಗೆ ಮತ್ತೊಂದು.

ಅದಕ್ಕೇ ವೇಗದ ಜೊತೆ ತಿರುವನ್ನೂ ನೋಡ್ತಾರೆ. ಬಾಣದ ಹಾಗೆ ಹೋಗಿ, ಗೋಡೆಗೆ ಬಡಿದ ಚೆಂಡಿನ ಹಾಗೆ ಪೂರ್ತಿ ಹಿಂದಕ್ಕೆ ತಿರುಗಿ, ಹೊರಟ ಜಾಗಕ್ಕೇ ಬಾಣದ ಹಾಗೆ ವಾಪಸ್ ಬಂತು ಅಂದ್ರೆ ಅದು ಮುಳ್ಳು, ಮ್ಯಾಪ್ ಮೇಲೆ ನೋಡಿದ್ರೂ ಮುಳ್ಳು ಚುಚ್ಚಿದ ಹಾಗೇ ಕಾಣುತ್ತೆ. ಹೋಗ್ತಾ ವೇಗ, ಬರ್ತಾ ವೇಗ, ಮಧ್ಯೆ ಪೂರ್ತಿ ತಿರುವು, ಮೂರೂ ಒಟ್ಟಿಗೆ ಇದ್ರೆ ಮಾತ್ರ ಅನುಮಾನ. ನಾರ್ವೆಯ ಸಂಶೋಧಕರು 2010ರಲ್ಲಿ ಮೂಸ್ ಅನ್ನೋ ಭಾರೀ ಜಿಂಕೆಗಳ ಡೇಟಾ ಇಟ್ಕೊಂಡು ಇದೇ ಥರದ ವಿಧಾನ ಕೊಟ್ರು, ಈಗಲೂ ಬೇರೆ ಬೇರೆ ಪ್ರಾಣಿಗಳ ಮೇಲೆ ಅದನ್ನ ಬಳಸ್ತಾರೆ. ಮೊದಲು ಅಕ್ಕಪಕ್ಕದ ಐದಾರು ಚುಕ್ಕೆಗಳ ನಡುಮಧ್ಯದಿಂದ ಸಿಕ್ಕಾಪಟ್ಟೆ ದೂರ ಇರೋದನ್ನ ಹೊರಗಿಡೋದು, ಆಮೇಲೆ ಮುಳ್ಳು ಹುಡುಕೋದು, ಕ್ರಮ ಹಾಗೆ.

ಮುಳ್ಳು ಹುಡುಕೋ ಮುಂಚೆ ಸಾಲುಗಳು ಸರಿಯಾದ ಟೈಮ್ ಪ್ರಕಾರ ಜೋಡಣೆ ಆಗಿವೆಯಾ ಅಂತ ನೋಡಲೇಬೇಕು. ಆ ಹದ್ದಿನ ಹಾಗೆ ಲೇಟಾಗಿ ಬಂದ ಸಾಲುಗಳು ಫೈಲ್ ಕೊನೆಗೆ ಸೇರ್ಕೊಂಡಿದ್ರೆ, ಇರೋ ಬರೋ ಸಾಲೆಲ್ಲಾ ಮುಳ್ಳಾಗಿ ಕಾಣುತ್ತೆ, ಒಳ್ಳೇ ಡೇಟಾನ ಕೈಯಾರೆ ಎಸೆದುಬಿಡ್ತೀವಿ.

ವಿಚಿತ್ರ, ಆದ್ರೆ ನಿಜ

ಈಗ ಉಲ್ಟಾ ಕಡೆಯಿಂದ ನೋಡಿ. ಆನೆ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೆದ್ದಾರಿ ಮೇಲೇ ನೆಟ್ಟಗೆ ಹೋಗ್ತಿದೆ ಅಂತ ಫೈಲ್ ಹೇಳಿದ್ರೆ? ವೇಗದ ಮಿತಿ ಹಾಕಿದ್ರೆ ಪೂರ್ತಿ ಹಾರಿಹೋಗುತ್ತೆ. ಆದ್ರೆ ಒಂದೂ ಚುಕ್ಕೆ ತಪ್ಪಿರಲ್ಲ, ಆನೆ ಲಾರಿ ಮೇಲಿರುತ್ತೆ. ಕೇರಳದ ಅರಿಕೊಂಬನ್ ಅನ್ನೋ ಆನೆ ನೆನಪಿದೆಯಲ್ಲ, 2023ರ ಏಪ್ರಿಲ್ 29ಕ್ಕೆ ಚಿನ್ನಕನಾಲ್‌ನಲ್ಲಿ ಹಿಡಿದು ಕಾಲರ್ ಹಾಕಿ ಪೆರಿಯಾರ್ ಕಾಡಿಗೆ ಬಿಟ್ರು, ಅಲ್ಲಿಂದ ನಡ್ಕೊಂಡು ತಮಿಳುನಾಡಿನ ಕಂಬಂ ಪಟ್ಟಣಕ್ಕೇ ನುಗ್ತು, ಜೂನ್‌ನಲ್ಲಿ ತಮಿಳುನಾಡಿನವರು ಮತ್ತೆ ಹಿಡಿದು ಕಳಕ್ಕಾಡ್ ಮುಂಡಂತುರೈ ಕಡೆಗೆ ಸಾಗಿಸಿದ್ರು. ಪೆರಿಯಾರ್‌ನಿಂದ ಕಂಬಂಗೆ ಹೋಗಿದ್ದು ಆನೆಯ ಸ್ವಂತ ನಡಿಗೆ, ಕಂಬಂನಿಂದ ಮುಂದಕ್ಕೆ ಹೋಗಿದ್ದು ಲಾರಿ ಪ್ರಯಾಣ. ಎರಡನ್ನೂ ಒಂದೇ ಗೆರೆಯಾಗಿ ಎಳೆದು ಈ ಆನೆ ಒಟ್ಟು ಇಷ್ಟು ದೂರ ನಡೀತು ಅಂದ್ರೆ ಅದು ಸುಳ್ಳು ಲೆಕ್ಕ, ಹಾಗಂತ ಲಾರಿ ಚುಕ್ಕೆಗಳನ್ನ ತಪ್ಪು ಲೊಕೇಶನ್ ಅಂತ ಬರೆದ್ರೆ ಅದೂ ಸುಳ್ಳೇ.

ಪೋಲೆಂಡಿನಲ್ಲಿ ಇನ್ನೂ ತಮಾಷೆ ಆಯ್ತು. ಅಲ್ಲಿನ ಪರಿಸರ ಸಂಘದವರು ಒಂದು ಬಿಳಿ ಕೊಕ್ಕರೆಗೆ ಟ್ರ್ಯಾಕರ್ ಕಟ್ಟಿದ್ರು, ಅದು ಸುಡಾನ್‌ವರೆಗೆ ಹೋಗಿ ಸಂಪರ್ಕ ತಪ್ಪೋಯ್ತು. 2018ರಲ್ಲಿ ಸಂಘಕ್ಕೆ 10 ಸಾವಿರ ಜ್ಲೋಟಿಗೂ ಮೇಲೆ ಫೋನ್ ಬಿಲ್ ಬಂತು, ನೋಡಿದ್ರೆ ಯಾರೋ ಟ್ರ್ಯಾಕರ್‌ನಿಂದ ಸಿಮ್ ತೆಗೆದು ಗಂಟೆಗಟ್ಟಲೆ ಮಾತಾಡಿದ್ರು. ಯಂತ್ರ ಪ್ರಾಣಿ ಮೈಮೇಲೆ ಇಲ್ಲದ ಹೊತ್ತಿನ ಡೇಟಾ ಅನ್ನೋದು ದೊಡ್ಡ ವಿಭಾಗನೇ. ಕಾಲರ್ ಹಾಕೋ ಮುಂಚೆ ಆಫೀಸಲ್ಲಿ ಟೆಸ್ಟ್ ಮಾಡಿರ್ತಾರೆ, ಜೀಪಲ್ಲಿ ಇಟ್ಕೊಂಡು ತಿರುಗಿರ್ತಾರೆ, ಅದೂ ರೆಕಾರ್ಡ್ ಆಗಿರುತ್ತೆ. ಮೊದಲನೇ ಹತ್ತು ಚುಕ್ಕೆ ನೋಡಿದ್ರೆ ಆನೆ ಕ್ಯಾಂಟೀನ್ ಪಕ್ಕ ನಿಂತಿರುತ್ತೆ.

ಹೇಮಾವತಿ ಹಿನ್ನೀರಿನ ಮಧ್ಯೆ ಚುಕ್ಕೆ ಬಿದ್ರೆ ತಪ್ಪು ಅಂತ ಅಳಿಸೋಕೆ ಕೈ ಹೋಗುತ್ತೆ ಅಲ್ವಾ, ಚಿರತೆ ಕಾಲರ್ ಆಗಿದ್ರೆ ನಾನೂ ಅನುಮಾನ ಪಡ್ತಿದ್ದೆ, ಆದ್ರೆ ಆನೆ ಚೆನ್ನಾಗಿ ಈಜುತ್ತೆ. ಹಾಗಾಗಿ ಯಾವ ಚುಕ್ಕೆ ಅಸಾಧ್ಯ ಅಂತ ಹೇಳೋಕೆ ಪ್ರೋಗ್ರಾಮಿಂಗ್ ಗೊತ್ತಿದ್ರೆ ಸಾಲಲ್ಲ, ಆ ಪ್ರಾಣಿ ಗೊತ್ತಿರಬೇಕು, ಆ ಊರೂ ಗೊತ್ತಿರಬೇಕು.

ನಿಂತಲ್ಲೇ ನಿಂತು ನಡೆದ ಆನೆ

ಸಣ್ಣ ತಪ್ಪುಗಳು ಒಂದೊಂದಾಗಿ ನೋಡಿದ್ರೆ ಲೆಕ್ಕಕ್ಕಿಲ್ಲ, ಕೂಡಿದ್ರೆ ಗೊತ್ತಾಗೋದು. ಆನೆ ನಾಲ್ಕು ಗಂಟೆ ಒಂದೇ ಬಿದಿರ ಮೆಳೆ ಹತ್ರ ನಿಂತಿದೆ, ಕಾಲರ್ 15 ನಿಮಿಷಕ್ಕೊಂದು ಚುಕ್ಕೆ ಹಾಕ್ತಿದೆ, ಪ್ರತಿ ಚುಕ್ಕೆನೂ ಹಿಂದಿನದಕ್ಕಿಂತ ಅತ್ತಿತ್ತ 15 ಮೀಟರ್ ಆಡ್ತಿದೆ ಅನ್ಕೊಳ್ಳಿ. 16 ಹೆಜ್ಜೆ, 15 ಮೀಟರ್, 240 ಮೀಟರ್ ನಡೀತು ಅಂತ ಲೆಕ್ಕ ಬರುತ್ತೆ. ಒಂದು ಹೆಜ್ಜೆನೂ ಇಟ್ಟಿಲ್ಲ ಅದು.

ನಾಲ್ಕು ಗಂಟೆಗೊಂದು ಚುಕ್ಕೆ ಹಾಕಿದ್ರೆ ಇದು ತಪ್ಪುತ್ತಲ್ಲ ಅಂದ್ರೆ, ಹೌದು, ಆದ್ರೆ ಆಗ ಇನ್ನೊಂದು ಕಡೆ ಎಡವುತ್ತೆ. ಚಾರ್ಮಾಡಿ ಘಾಟಿಯ ಮೇಲಿನ ಜಾಗಕ್ಕೂ ಕೆಳಗಿನ ಜಾಗಕ್ಕೂ ನೆಟ್ಟಗೆ ಗೆರೆ ಎಳೆದು ರಸ್ತೆ ಇಷ್ಟೇ ಉದ್ದ ಅಂದ ಹಾಗೆ, ಆನೆ ಸುತ್ತಿದ ಸುತ್ತೆಲ್ಲಾ ಮಾಯ ಆಗಿ ದೂರ ಕಮ್ಮಿ ಬರುತ್ತೆ. ಪದೇ ಪದೇ ಅಳೆದ್ರೆ ದೂರ ಹೆಚ್ಚಾಗುತ್ತೆ, ಅಪರೂಪಕ್ಕೆ ಅಳೆದ್ರೆ ಕಮ್ಮಿ ಆಗುತ್ತೆ. ಪೇಪರಲ್ಲಿ ಈ ಆನೆ ದಿನಕ್ಕೆ ಇಷ್ಟು ಕಿಲೋಮೀಟರ್ ನಡೆಯುತ್ತೆ ಅಂತ ಓದಿದಾಗ ಎಷ್ಟು ನಿಮಿಷಕ್ಕೊಂದು ಚುಕ್ಕೆ ಅಂತ ಕೇಳಿ, ಅದಿಲ್ಲದೇ ಆ ಅಂಕಿಗೆ ಅರ್ಥ ಇಲ್ಲ.

ಬಾರದೇ ಹೋದ ಚುಕ್ಕೆ

ನನ್ನ ಕೇಳಿದ್ರೆ ಎಲ್ಲಕ್ಕಿಂತ ಮೋಸದ ತಪ್ಪು ಇದೇ, ಯಾಕಂದ್ರೆ ಇದು ಫೈಲಲ್ಲಿ ಕಾಣೋದೇ ಇಲ್ಲ. ಬಯಲಲ್ಲಿ, ತೋಟದ ಅಂಚಲ್ಲಿ, ಗದ್ದೇಲಿ ಆನೆ ನಿಂತಾಗ ಆಕಾಶ ಚೆನ್ನಾಗಿ ಕಾಣುತ್ತೆ, ಚುಕ್ಕೆ ತಪ್ಪದೇ ಬರುತ್ತೆ. ದಟ್ಟ ಶೋಲಾ ಕಾಡಿನ ಒಳಗೆ, ಕಣಿವೇಲಿ ಇದ್ದಾಗ ಎಷ್ಟೋ ಗಂಟೆ ಖಾಲಿ. ಈಗ ಬಂದ ಚುಕ್ಕೆಗಳನ್ನಷ್ಟೇ ಎಣಿಸಿದ್ರೆ ಆನೆ ಹೆಚ್ಚು ಕಾಲ ತೋಟ ಗದ್ದೇಲೇ ಕಳೆಯುತ್ತೆ, ಕಾಡಿಗೆ ಹೋಗೋದೇ ಕಮ್ಮಿ ಅನ್ನೋ ತೀರ್ಮಾನಕ್ಕೆ ಬರ್ತೀವಿ. ಮದುವೆ ಮನೇಲಿ ಫೋಟೋದಲ್ಲಿ ಇರೋರಷ್ಟೇ ಬಂದಿದ್ರು ಅಂದ ಹಾಗೆ, ಅಡುಗೆ ಮನೇಲಿ ದುಡೀತಿದ್ದೋರು ಯಾವ ಫೋಟೋದಲ್ಲೂ ಇರಲ್ಲ. ಇದನ್ನ ಸರಿ ಮಾಡೋಕೆ ಕೆಲವರು ಅದೇ ಕಾಲರ್‌ನ ಬೇರೆ ಬೇರೆ ಥರದ ಕಾಡಲ್ಲಿ, ಗೊತ್ತಿರೋ ಜಾಗದಲ್ಲಿ ಇಟ್ಟು ನೂರಕ್ಕೆ ಎಷ್ಟು ಸಲ ಚುಕ್ಕೆ ಸಿಗುತ್ತೆ ಅಂತ ಮೊದಲೇ ನೋಡ್ತಾರೆ, ಕಮ್ಮಿ ಸಿಗೋ ಕಡೆಯ ಚುಕ್ಕೆಗಳಿಗೆ ಲೆಕ್ಕದಲ್ಲಿ ಹೆಚ್ಚು ತೂಕ ಕೊಡ್ತಾರೆ.

ಸರಿ ಮಾಡೋದು ಅಂದ್ರೆ ಅಳಿಸೋದಲ್ಲ

ಮೊದಲ ನಿಯಮ, ಮೂಲ ಫೈಲನ್ನ ಮುಟ್ಟಬೇಡಿ. ಅನುಮಾನದ ಸಾಲಿನ ಪಕ್ಕ ಇನ್ನೊಂದು ಕಾಲಂ ಮಾಡಿ ಅದ್ರಲ್ಲಿ ಗುರುತು ಹಾಕಿ, ಯಾಕೆ ಹಾಕಿದ್ರಿ ಅಂತಾನೂ ಬರೀರಿ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ನೋಡ್ಕೊಳ್ಳೋ ಮೂವ್‌ಬ್ಯಾಂಕ್ ಅನ್ನೋ ಪ್ರಾಣಿ ಚಲನೆಯ ದೊಡ್ಡ ಭಂಡಾರದಲ್ಲೂ ಹೀಗೇ, ತಪ್ಪು ಅಂತ ಗುರುತು ಹಾಕಿದ್ದು ಅಳಿಸಿ ಹೋಗಲ್ಲ, ನಾಳೆ ಇನ್ನೊಬ್ಬರು ಬಂದು ಅದು ತಪ್ಪಲ್ಲ, ಲಾರಿ ಅನ್ನಬಹುದು. ಕಾಲಂ ಅದಲುಬದಲು, ಐದೂವರೆ ಗಂಟೆ, ಡಿಗ್ರಿ ನಿಮಿಷ, ಇಂಥವನ್ನ ತಿರುಗಿಸಿ ನಿಜಕ್ಕೂ ಸರಿ ಮಾಡಬಹುದು. ಮುಳ್ಳಿಗೆ ಔಷಧಿ ಇಲ್ಲ, ಅದನ್ನ ಲೆಕ್ಕದಿಂದ ಹೊರಗಿಡೋದು ಅಷ್ಟೇ.

ಇವೆರಡರ ಮಧ್ಯೆ ಇರೋ ಆಡೋ ಚುಕ್ಕೆಗಳಿಗೆ ಅಂದಾಜಿನ ಲೆಕ್ಕ ಬಳಸ್ತಾರೆ, ಅದ್ರಲ್ಲಿ ಹೆಸರುವಾಸಿ ಕಲ್ಮನ್ ಫಿಲ್ಟರ್, ರುಡಾಲ್ಫ್ ಕಲ್ಮನ್ 1960ರಲ್ಲಿ ಪ್ರಕಟಿಸಿದ್ದು, ಚಂದ್ರನಿಗೆ ಹೋದ ಅಪೊಲೊ ನೌಕೆಗಳ ದಾರಿ ಲೆಕ್ಕ ಹಾಕೋಕೂ ಬಳಸಿದ್ರು. ಹೆಸರು ಕೇಳಿ ಹೆದರಬೇಡಿ, ನೀವೂ ದಿನಾ ಮಾಡ್ತೀರ. ಫ್ರೆಂಡ್ ಫೋನಲ್ಲಿ "ಬಂದೆ ಬಂದೆ, ಐದೇ ನಿಮಿಷ, ಟೌನ್‌ಹಾಲ್ ಹತ್ರ ಇದೀನಿ" ಅಂತಾನೆ. ಹತ್ತು ನಿಮಿಷ ಹಿಂದೆ ಯಶವಂತಪುರದಲ್ಲಿದ್ದ ಅಂತ ನಿಮಗೆ ಗೊತ್ತು, ಈ ಟೈಮಲ್ಲಿ ಟ್ರಾಫಿಕ್ ಹೇಗಿರುತ್ತೆ ಅಂತಾನೂ ಗೊತ್ತು, ಇವನ ಮಾತಿಗೆ ಎಷ್ಟು ಬೆಲೆ ಕೊಡಬೇಕು ಅನ್ನೋದಂತೂ ಚೆನ್ನಾಗೇ ಗೊತ್ತು. ಮೂರನ್ನೂ ಸೇರಿಸಿ ಇನ್ನೂ ಮಲ್ಲೇಶ್ವರ ದಾಟಿಲ್ಲ ಅಂತ ತೀರ್ಮಾನ ಮಾಡಿ ಇನ್ನೊಂದು ಕಾಫಿ ಹೇಳ್ತೀರ. ಹಿಂದಿನ ಜಾಗ, ಸಾಧ್ಯ ಇರೋ ವೇಗ, ಹೊಸ ಚುಕ್ಕೆಯ ನಂಬಿಕೆ, ಕಲ್ಮನ್ ಫಿಲ್ಟರ್ ಈ ಮೂರನ್ನೇ ತೂಗಿ ನೋಡೋದು. ಖಾಲಿ ಗಂಟೆಗಳನ್ನೂ ಹೀಗೆ ತುಂಬಿಸಬಹುದು, ಆದ್ರೆ ತುಂಬಿಸಿದ್ದು ಅಂದಾಜು ಅಂತ ಬರೆದಿಡಬೇಕು, ಇಲ್ಲಾಂದ್ರೆ ಎರಡು ವರ್ಷ ಆದ್ಮೇಲೆ ಯಾರೋ ಬಂದು ಆನೆ ಪಂಚಾಯ್ತಿ ಆಫೀಸ್ ಮಧ್ಯದಿಂದಲೇ ಹಾದುಹೋಗಿದೆ ಅಂತ ಬರೀತಾರೆ.

ಸಂಶೋಧನೆಗೆ ಒಂದು, ಅಲರ್ಟ್‌ಗೆ ಇನ್ನೊಂದು

ಮೇಲೆ ಮುಳ್ಳು ಹಿಡಿದಿದ್ದು ನೆನಪಿದೆಯಲ್ಲ, 11 ಗಂಟೆ ಚುಕ್ಕೆ ತಪ್ಪು ಅಂತ ಗೊತ್ತಾಗಿದ್ದು 12 ಗಂಟೆ ಚುಕ್ಕೆ ಬಂದ ಮೇಲೆ. ಸಂಶೋಧಕರಿಗೆ ಅದು ಸಮಸ್ಯೆ ಅಲ್ಲ, ಅವರು ವರ್ಷ ಬಿಟ್ಟು ಫೈಲ್ ತೆರೀತಾರೆ. ಅಲರ್ಟ್ ಕಳ್ಸೋರಿಗೆ 11 ಗಂಟೆಗೇ ನಿರ್ಧಾರ ಆಗಬೇಕು, ಉತ್ತರದ ಆ ಹಳ್ಳಿಗೆ ಎಚ್ಚರಿಕೆ ಕಳ್ಸಬೇಕಾ ಬೇಡ್ವಾ. ಕಳ್ಸಿದ್ರೆ ಸುಳ್ಳು ಅಲರ್ಟು, ನಾಲ್ಕು ಸಲ ಸುಳ್ಳಾದ್ರೆ ಐದನೇ ಸಲ ಯಾರೂ ನೋಡಲ್ಲ. ಕಾದ್ರೆ ಒಂದು ಗಂಟೆ ಹೋಯ್ತು. ಅದಕ್ಕೆ ಆನೆ ಊರ ಹತ್ರ ಬಂದಾಗ ಕಾಲರ್ ತಾನೇ ಗಂಟೆಗೊಂದರ ಬದಲು ಐದು ಹತ್ತು ನಿಮಿಷಕ್ಕೊಂದು ಚುಕ್ಕೆ ಹಾಕೋ ಹಾಗೆ ಮಾಡಿಡೋ ಕ್ರಮ ಇದೆ, ಬ್ಯಾಟರಿ ಹೋಗುತ್ತೆ, ಹೋಗ್ಲಿ.

2023ರ ನವೆಂಬರ್‌ನಲ್ಲಿ ಬೇಲೂರು ಕಡೆ ಹಿಡಿದು ಕಾಲರ್ ಹಾಕಿ ಬಂಡೀಪುರ ಕಡೆ ಬಿಟ್ಟ ಮಖ್ನಾ (ದಂತ ಇಲ್ಲದ ಗಂಡು) ಆನೆ 2024ರ ಫೆಬ್ರವರಿ 10ಕ್ಕೆ ವಯನಾಡಿನ ಮಾನಂದವಾಡಿ ಹತ್ರ ಒಬ್ಬರನ್ನ ಕೊಂದಾಗ ಎರಡು ರಾಜ್ಯಗಳ ಮಧ್ಯೆ ಎದ್ದ ದೊಡ್ಡ ಮಾತು ಕಾಲರ್ ಮಾಹಿತಿ ಯಾರಿಗೆ ಯಾವಾಗ ಸಿಕ್ತು ಅನ್ನೋದೇ. ಆನೆ ಮಾಮೂಲಾಗಿ ಗಂಟೆಗೆ ನಾಲ್ಕು ಕಿಲೋಮೀಟರ್ ನಡೀತು ಅಂತಿಟ್ಕೊಳ್ಳಿ, ಮೂರು ಗಂಟೆ ಹಳೇ ಚುಕ್ಕೆ ಅಂದ್ರೆ ಆ ಚುಕ್ಕೆ ಸುತ್ತ 12 ಕಿಲೋಮೀಟರ್‌ನಲ್ಲಿ ಎಲ್ಲಿ ಬೇಕಾದ್ರೂ ಇರಬಹುದು. ಜಿಪಿಎಸ್ ಹತ್ತು ಮೀಟರ್ ಕರಾರುವಾಕ್ಕಾ ಐವತ್ತು ಮೀಟರಾ ಅನ್ನೋ ಚರ್ಚೆ ಅದ್ರ ಮುಂದೆ ಏನೇನೂ ಅಲ್ಲ.

ದೊಡ್ಡಮ್ಮನ ಫೋನಲ್ಲಿ ಆಗಿದ್ದೂ ಅದೇ. ಮೆಸೇಜ್ ಬಂದಿದ್ದು ಬೆಳಿಗ್ಗೆ 6:10ಕ್ಕೆ, ಒಳಗೆ ಸಣ್ಣಕ್ಷರದಲ್ಲಿ ಇದ್ದ ಟೈಮ್ ಹಿಂದಿನ ರಾತ್ರಿ 11. ಏಳು ಗಂಟೇಲಿ ಆನೆ ಹೊಳೆ ದಾಟಿ, ಕಣದ ಹಿಂದೆ ಬಂದು, ಹಲಸಿನ ಮರದ ಕೊಂಬೆ ಮುರಿದು, ಲದ್ದಿ ಹಾಕಿ ಹೋಗಿತ್ತು. ಚುಕ್ಕೆ ಬಿದ್ದ ಹೊತ್ತಿಗೆ ಅದು ಸರಿಯಾಗೇ ಇತ್ತು.

ಕೊನೆಗೆ ಕಾಲ್ನಡಿಗೆ

ಒಂದು ಥರದ ಫೈಲ್ ಮಾತ್ರ ಯಾವ ಲೆಕ್ಕಕ್ಕೂ ಬಗ್ಗಲ್ಲ. ಚುಕ್ಕೆಗಳು ಚೆನ್ನಾಗೇ ಬರ್ತಿವೆ, ಡಿಒಪಿ ಒಳ್ಳೇದಿದೆ, ಮುಳ್ಳಿಲ್ಲ, ಆದ್ರೆ ಎರಡು ದಿನದಿಂದ ಎಲ್ಲಾ ಚುಕ್ಕೆನೂ ಇಪ್ಪತ್ತು ಮೀಟರ್ ಒಳಗೇ ಸುತ್ತುತಿವೆ. ಆನೆ ಎರಡು ದಿನ ಒಂದೇ ಕಡೆ ನಿಲ್ಲಲ್ಲ. ಕಾಲರ್ ಕಳಚಿ ಬಿದ್ದಿರಬಹುದು, ಆನೆ ಕಾಯಿಲೆ ಬಿದ್ದಿರಬಹುದು, ಕರೆಂಟ್ ತಂತಿ ತಗುಲಿ ಸತ್ತಿರಬಹುದು. ಅಲುಗಾಟ ನಿಂತಿದೆ ಅಂತ ಹೇಳೋ ಸೆನ್ಸರ್ ಕೆಲವು ಕಾಲರಲ್ಲಿ ಇರುತ್ತೆ, ಅದಕ್ಕೂ ಯಾಕೆ ನಿಂತಿತು ಅನ್ನೋದು ಗೊತ್ತಿರಲ್ಲ. ಆಗ ಇಬ್ಬರು ಮೂವರು ಟ್ರ್ಯಾಕರ್‌ಗಳು ಮೀನಿನ ಮುಳ್ಳಿನ ಆಂಟೆನಾ ಎತ್ಕೊಂಡು, ಹಳೇ ಕಾಲದ ಹಾಗೇ, ಟಿಕ್ ಟಿಕ್ ಸದ್ದು ಕೇಳಿಸ್ಕೊಂಡು ಆ ಇಪ್ಪತ್ತು ಮೀಟರ್ ಒಳಗೆ ನಡ್ಕೊಂಡು ಹೋಗ್ತಾರೆ, ಮೊದಲು ಮೂಗಿಗೆ ಏನಾದ್ರೂ ವಾಸನೆ ಬರುತ್ತಾ ಅಂತ ನೋಡ್ಕೊಂಡು.